ಬಾಗಿಲ ಪಕ್ಕದ ಬಿಟ್ಟ ಗೇಣು

ಮೇಸ್ತ್ರಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಸುಣ್ಣ, ಸಿಮೆಂಟು ತಿಂದು ಅದು ಹೊಳೆಕಲ್ಲಿನಷ್ಟು ನುಣ್ಣಗಾಗಿತ್ತು. ತಮ್ಮನೊಂದಿಗಿನ ಪಾಲುಪತ್ರಕ್ಕೆಂದು ಹಿರಿಯೂರಿನ ನೋಂದಣಿ ಕಚೇರಿಗೆ ಬಂದಿದ್ದ ಅವರು, ಬೆರಳೊತ್ತುವ ಯಂತ್ರದ ಮೇಲೆ ಅದನ್ನು ಆರು ಸಲ ಇಟ್ಟರೂ ಯಂತ್ರ ಒಪ್ಪಲಿಲ್ಲ. "ನನ್ನ ಹೆಬ್ಬೆಟ್ಟೆಲ್ಲ ಕಟ್ಟಿದ ಮನೆ ಗ್ವಾಡೆಯಾಗೆ ಉಳ್ಕಂಡೈತೆ ಸಾಮಿ, ಅಲ್ಲಿ ಹೋಗಿ ಹುಡುಕ್ರಿ" ಎಂದು ನಕ್ಕುಬಿಟ್ಟರು. ಕಚೇರಿಯ ಎದುರಿಗೆ ಮೇಜು ಹಾಕಿಕೊಂಡು ಪತ್ರ ಬರೆಯುವವನು ನಾನು. ಅವರ ಪರಿಚಯವಾದದ್ದು ಅವತ್ತು.

ಅವರ ಊರು ಯಲ್ಲದಕೆರೆ. ಮನೆಯವರೆಲ್ಲ ಕುರಿ ಹಿಂದೆ ಹೋದರೆ ಇವರೊಬ್ಬರು ಗಾರೆ ಬಳಿಯುವ ಕರಣೆ ಹಿಡಿದಿದ್ದರು. ಹಿರಿಯೂರಿಗೆ ಬಂದಾಗಲೆಲ್ಲ ನನ್ನ ಮೇಜಿನ ಹತ್ತಿರ ನಿಂತು ಚಾ ಕುಡಿಯುತ್ತಿದ್ದರು. ಕೂರಿ ಅಂದರೆ ಕೂರುತ್ತಿರಲಿಲ್ಲ. "ಕುಂತ್ರೆ ಸೊಂಟ ಏಳಾಕೆ ಬಿಡಲ್ಲ" ಎನ್ನುತ್ತಿದ್ದರು. "ನೀವು ಹಾಳೆ ಮ್ಯಾಲೆ ಮನೆ ಕಟ್ತೀರಿ, ಮಧ್ಯಾಹ್ನಕ್ಕೆ ಮುಗೀತೈತೆ. ನಮಗೆ ವರ್ಷ ಬೇಕು" ಎಂದು ಕಿಚಾಯಿಸುತ್ತಿದ್ದರು.

ಒಮ್ಮೆ ಮಾತ್ರ ನಗದೆ ಒಂದು ಪ್ರಶ್ನೆ ಕೇಳಿದರು. "ಮಾಲೀಕರು ಕಂಟ್ರಾಕ್ಟರಿಗೆ ದುಡ್ಡು ಕೊಟ್ಟಿರ್ತಾರೆ, ಅವನು ನಮ್ಮ ಆಳುಗಳಿಗೆ ಕೊಟ್ಟಿರಲ್ಲ. ಮಾಲೀಕರಿಗೆ ಇದನ್ನ ಹೆಂಗೆ ತಿಳ್ಸದು ಸಾಮಿ?"

ಬುದ್ಧಿ ಹೇಳುವ ಅವಕಾಶ ಸಿಕ್ಕರೆ ನಾನು ಬಿಟ್ಟವನಲ್ಲ. "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ ಮೇಸ್ತ್ರಿ. ಕೊನೇ ಕಂತು ಕೊಡೋ ಮೊದಲೇ ಮಾಲೀಕರಿಗೆ ರಿಜಿಸ್ಟರ್ ಅಂಚೆಯಲ್ಲಿ ಒಂದು ನೋಟಿಸು ಕಳಿಸು. ಕಾಗದದಲ್ಲಿ ಇಲ್ಲದ್ದು ಎಲ್ಲೂ ಇಲ್ಲ" ಎಂದೆ. ಅವರು ಪಾಠ ಒಪ್ಪಿಸುವವರ ಹಾಗೆ ಮೆಲ್ಲಗೆ ಅದನ್ನೇ ಹೇಳಿಕೊಂಡು ಹೋದರು.

ಎರಡು ವರ್ಷದ ಮೇಲೆ ನಾನೇ ಮನೆ ಕಟ್ಟಿಸಿದೆ. ಚಿತ್ರದುರ್ಗದ ಒಬ್ಬ ಕಂಟ್ರಾಕ್ಟರಿಗೆ ಒಪ್ಪಿಸಿ, ಕರಾರನ್ನು ನಾನೇ ಬರೆದೆ. ಅವನು ಕೆಲಸಕ್ಕೆ ಕರೆತಂದದ್ದು ಇದೇ ಮೇಸ್ತ್ರಿಯನ್ನು, ಅವರ ಒಂಬತ್ತು ಜನ ಆಳುಗಳನ್ನು. ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಮೇಸ್ತ್ರಿಗೆ ಒಂದು ರೂಢಿಯಿತ್ತು. ಗೋಡೆಗೆಲ್ಲ ಗಾರೆ ಮುಗಿದರೂ ಮುಂಬಾಗಿಲ ಪಕ್ಕದಲ್ಲಿ ಒಳಗಡೆ ಒಂದು ಗೇಣು ಜಾಗವನ್ನು ಹಾಗೇ ಬಿಡುತ್ತಿದ್ದರು, ಇಟ್ಟಿಗೆ ಕಾಣುವಂತೆ. ಎಲ್ಲ ಆಳುಗಳ ಕೂಲಿ ಬಟವಾಡೆ ಆದ ದಿನ ಮಾಲೀಕರು ವೀಳ್ಯದೆಲೆ, ಹೊಸ ಟವಲು ಕೊಡಬೇಕು. ಆಮೇಲೆ ಅದನ್ನು ಮುಚ್ಚುವುದು. ಒಬ್ಬ ಮೇಸ್ತ್ರಿ ಬಿಟ್ಟ ಗೇಣನ್ನು ಇನ್ನೊಬ್ಬ ಮೇಸ್ತ್ರಿ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲೂ ಆ ಗೇಣು ಬಿಟ್ಟಾಗಿತ್ತು.

ಕೊನೆಯ ಕಂತು ಕೊಡುವ ವಾರ ಅಂಚೆಯವನು ನನ್ನ ಮೇಜಿಗೇ ಬಂದು ಒಂದು ರಿಜಿಸ್ಟರ್ ಲಕೋಟೆ ಚಾಚಿದ. ಕಳಿಸಿದವರ ಜಾಗದಲ್ಲಿ ಮೇಸ್ತ್ರಿಯ ಹೆಸರು. ಸುತ್ತ ಕಕ್ಷಿದಾರರು ನೆರೆದಿದ್ದರು. "ಏನಪ್ಪ, ನೋಟಿಸು ಬರೆಯೋರಿಗೇ ನೋಟಿಸು ಬಂತಾ?" ಎಂದು ಪಕ್ಕದ ಮೇಜಿನವನು ಹಲ್ಲು ಕಿಸಿದ. ನನಗೆ ಮೈಯೆಲ್ಲ ಉರಿಯಿತು. ನನ್ನ ಚಾ ಕುಡಿದವನು ನನ್ನನ್ನೇ ಕೋರ್ಟಿಗೆಳೆಯಲು ಹೊರಟನೇ? "ನನಗೆ ಬೇಡ. ಬೇಡ ಅಂದ್ರು ಅಂತ ಬರ್ಕಂಡು ವಾಪಸ್ ಕಳ್ಸು" ಎಂದೆ. ನೋಟಿಸನ್ನು ಬೇಡವೆಂದರೂ ಕಾನೂನಿನ ಪ್ರಕಾರ ತಲುಪಿದಂತೆಯೇ ಎಂದು ಎಷ್ಟು ಜನರಿಗೆ ಹೇಳಿದ್ದೆನೋ! ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಅದೇ ಸಿಟ್ಟಿನಲ್ಲಿ ಮೇಸ್ತ್ರಿಯನ್ನು ಒಂದು ಮಾತೂ ಕೇಳದೆ ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಟ್ಟುಬಿಟ್ಟೆ. ಮುಂದಿನ ವಾರದಿಂದ ಅವನ ಫೋನು ಸ್ವಿಚ್ ಆಫ್.

ಮೇಸ್ತ್ರಿ ಬಂದರು. ಹೊಸ್ತಿಲ ಆಚೆಯೇ ನಿಂತರು.

"ಆಳುಗಳಿಗೆ ಆರು ವಾರದ ಬಟವಾಡೆ ಆಗಿಲ್ಲ ಸಾಮಿ."

"ನಾನು ಪೂರ್ತಿ ಕೊಟ್ಟಾಗಿದೆ, ರಸೀದಿ ಇದೆ. ನಿನ್ನ ಕರಾರು ಇರೋದು ಅವನ ಹತ್ತಿರ. ನಿನಗೂ ನನಗೂ ಕರಾರಿಲ್ಲ, ಮೇಸ್ತ್ರಿ."

"ಕರಾರಿಲ್ಲ, ಸರಿ" ಎಂದರು. ಅಂಗೈಯಿಂದ ಗೋಡೆಯನ್ನು ಒಮ್ಮೆ ಸವರಿದರು. "ಗ್ವಾಡೆ ಐತಲ್ಲ."

"ನೀವು ಹೇಳ್ಕೊಟ್ಟಂಗೇ ಕಾಗ್ದ ಕಳ್ಸಿದ್ದೆ. ವಾಪಸ್ ಬಂತು. ನಿಮ್ಗೆ ಮನಸ್ಸಿಲ್ಲ ಅಂತ ತಿಳ್ಕಂಡು ಸುಮ್ಕಾದೆ" ಎಂದು ಹೇಳಿ ಹೊರಟುಹೋದರು. ಕುರಿ ಮಾರಿ ಒಂಬತ್ತೂ ಜನರಿಗೆ ಕೂಲಿ ಕೊಟ್ಟರೆಂದು ಆಮೇಲೆ ಕೇಳಿದೆ. ನನಗೆ ನಾಚಿಕೆಯಾಯಿತು, ಆದರೆ ಎದ್ದು ಅವರ ಮನೆಗೆ ಹೋಗುವಷ್ಟು ಆಗಲಿಲ್ಲ. ಇದೇ ನಿಜ.

ಆ ಗೇಣು ಮುಚ್ಚಲು ಮೂವರು ಮೇಸ್ತ್ರಿಗಳನ್ನು ಕರೆಸಿದೆ. ಮೂವರೂ ಇಟ್ಟಿಗೆ ನೋಡಿದರು, ಯಾರು ಬಿಟ್ಟದ್ದೆಂದು ಕೇಳಿದರು, ಹೋದರು. ಒಬ್ಬನಂತೂ ನೀರೂ ಕುಡಿಯಲಿಲ್ಲ. ಗೃಹಪ್ರವೇಶದ ದಿನ ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದೆ. ಫ್ಯಾನು ತಿರುಗಿದಾಗಲೆಲ್ಲ ಹಾಳೆ ಎದ್ದು ಇಟ್ಟಿಗೆ ಕಾಣುತ್ತಿತ್ತು. ಬಂದವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕೋರ್ಟಿನ ಜಪ್ತಿಯಾದರೂ ಒಂದು ದಿನ ತೆರವಾಗುತ್ತದೆ. ಇದಕ್ಕೆ ತೆರವು ಕೊಡುವವರು ಒಬ್ಬರೇ.

ಮೇಸ್ತ್ರಿಗೆ ಉಬ್ಬಸ ಹೆಚ್ಚಾಗಿ ಚಿತ್ರದುರ್ಗದ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆಂದು ತಿಳಿದ ಮೇಲೆ, ಆರು ವಾರದ ಕೂಲಿ ಹಿಡಿದು ಯಲ್ಲದಕೆರೆಗೆ ಹೋದೆ. ಗೋಡೆಗೆ ದಿಂಬು ಕೊಟ್ಟು ಒರಗಿದ್ದರು. ಅವರು ಕೂತಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಪ್ಪಾಯಿತು ಎಂದೆ. ಹಣವನ್ನು ಹೆಂಡತಿಯ ಕೈಗೆ ಕೊಡಿಸಿ, "ಕುರಿ ತರಾಣ" ಎಂದು ಆಕೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಉಸ್ರು ಒಂದೀಟು ಹಿಡಿತಕ್ಕೆ ಬರ್ಲಿ ಸಾಮಿ. ಬಂದು ಗೇಣು ಮುಚ್ತೀನಿ. ವೀಳ್ಯದೆಲೆ ತಂದಿಡ್ರಿ."

ನಾನು ಟವಲನ್ನೂ ತಂದಿಟ್ಟೆ. ಅವರು ಬರಲಿಲ್ಲ. ಇಪ್ಪತ್ತು ದಿನಕ್ಕೆ ತೀರಿಕೊಂಡರು.

ತಿಥಿಗೆ ಹೋದಾಗ ಅವರ ಹೆಂಡತಿ ಟ್ರಂಕಿನಿಂದ ಒಡೆಯದ ಒಂದು ರಿಜಿಸ್ಟರ್ ಲಕೋಟೆ ತೆಗೆದುಕೊಟ್ಟರು. "ಇದು ನಿಮ್ದೇ ಅಂತ್ರಿ, ಒಡೀಬ್ಯಾಡ ಅಂದಿದ್ರು." ಬಸ್ಸಿನಲ್ಲಿ ಕೂತು ಒಡೆದೆ. ಯಾರದೋ ಕೈಯಲ್ಲಿ ಬರೆಸಿದ ಅರ್ಧ ಹಾಳೆ. ಬೆದರಿಕೆಯಿಲ್ಲ, ಕೋರ್ಟಿನ ಮಾತಿಲ್ಲ. "ನಮಗೆ ಇನ್ನೂ ಕೂಲಿ ಬಂದಿಲ್ಲ. ಕಂಟ್ರಾಕ್ಟರ್ ಲಕ್ಷಣ ಸರಿ ಕಾಣುವುದಿಲ್ಲ. ಕೊನೆಯ ಕಂತು ಕೊಡುವ ಮುಂಚೆ ನಮ್ಮನ್ನೆಲ್ಲ ಕರೆದು ಒಂದು ಮಾತು ಕೇಳಿರಿ. ನೀವು ಮೋಸ ಹೋಗಬಾರದು." ಕೆಳಗೆ ಗೆರೆಯಿಲ್ಲದ ನೀಲಿ ಹೆಬ್ಬೆಟ್ಟು.

ಮನೆಗೆ ಬಂದು ಕ್ಯಾಲೆಂಡರು ತೆಗೆದೆ. ಲಕೋಟೆಯ ಹಿಂದೆ ಅಂಟಿಸಿದ್ದ ಸ್ವೀಕೃತಿ ಕಾರ್ಡು ಖಾಲಿಯಾಗಿಯೇ ಇತ್ತು. ಪೆನ್ನು ತೆಗೆದು, ತಲುಪಿದೆ ಎಂದು ಬರೆದು ರುಜು ಹಾಕಿದೆ, ಅವತ್ತಿನ ತಾರೀಖನ್ನೂ ಹಾಕಿದೆ. ಆಮೇಲೆ ಕಾರ್ಡು ತಿರುಗಿಸಿ ನೋಡಿದೆ. ವಾಪಸು ಕಳಿಸಬೇಕಾದ ವಿಳಾಸದಲ್ಲಿ ಮೇಸ್ತ್ರಿಯ ಹೆಸರಿತ್ತು.