ನನ್ನ ಬೆಂಚಿನ ಕೆಟ್ಟ ಸಹವಾಸ

ಮಕ್ಕಳ ಬೆಳವಣಿಗೆಯ ಮೇಲೆ ಒಡನಾಡಿಗಳ ಪ್ರಭಾವ ಎಂಬ ವಿಷಯದ ಮೇಲೆ ಈಗ ವಿಜಯಪುರದಲ್ಲಿ ತಜ್ಞರು ಪರದೆ ಕಟ್ಟಿಕೊಂಡು ಎರಡು ತಾಸು ಮಾತಾಡುತ್ತಾರೆ. ತಿಕೋಟಾದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಮಾರಾಟದ ಒಣದ್ರಾಕ್ಷಿಯಲ್ಲಿ ಕಡ್ಡಿ ಆರಿಸುತ್ತಲೇ ಅವ್ವ ಅದನ್ನು ಮುಗಿಸಿದ್ದಳು. "ಎಲ್ಲಾ ಬಾಜೂಕ ಕುಂತವರ ಮ್ಯಾಲ ಐತಿ" ಎಂದು ಹೇಳಿ ಮುಂದಿನ ಬುಟ್ಟಿಗೆ ಕೈ ಹಾಕಿದ್ದಳು.

ನಾನಾಗ ಎಂಟನೆಯ ತರಗತಿ. ಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿತ್ತು. ಅದಕ್ಕೆ ನಾನು ಕಾರಣಳಾಗುವುದು ಸಾಧ್ಯವೇ ಇರಲಿಲ್ಲ; ನಮ್ಮ ಮನೆತನದಲ್ಲಿ ದಡ್ಡರು ಹುಟ್ಟುವ ಪದ್ಧತಿ ಇಲ್ಲ. ಕಾರಣ ನನ್ನ ಬೆಂಚಿನ ಗೆಳತಿ. ಅವಳ ಅಪ್ಪ ಕುರಿ ಮೇಯಿಸುತ್ತಿದ್ದ, ಅವಳು ಗಟ್ಟಿಯಾಗಿ ನಗುತ್ತಿದ್ದಳು, ಅವಳಿಗೆ ಏಳು ಬಂದಿತ್ತು. ಅವ್ವನಿಗೆ ಇಷ್ಟು ಸಾಕ್ಷಿ ಸಾಕಾಯಿತು. ಒಂದು ಡಬ್ಬಿ ಒಣದ್ರಾಕ್ಷಿ ಹಿಡಿದು ಶಾಲೆಗೆ ಹೋಗಿ ಟೀಚರನ್ನು ಕಂಡು ಬಂದಳು. ಮರುದಿನ ನಾನು ಮೊದಲ ಬೆಂಚಿನಲ್ಲಿ, ತರಗತಿಗೇ ಮೊದಲು ಬರುವ ಹುಡುಗಿಯ ಪಕ್ಕದಲ್ಲಿದ್ದೆ. ಅವಳು ಬಬಲೇಶ್ವರದವಳು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು.

ಅವಳಿಂದ ನಾನು ಕಲಿತದ್ದು ಬರೆಯುವಾಗ ಎಡಗೈ ಅಡ್ಡವಿಟ್ಟು ನೋಟ್‌ಬುಕ್ ಮುಚ್ಚಿಕೊಳ್ಳುವುದನ್ನು ಮಾತ್ರ. ಉತ್ತರ ಗೊತ್ತಿಲ್ಲದಿದ್ದರೂ ಶ್ರದ್ಧೆಯಿಂದ ಮುಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲೂ ಹಾಗೇ ಕೂರುವುದನ್ನು ಕಂಡು ಅವ್ವನಿಗೆ ಹಿಗ್ಗೋ ಹಿಗ್ಗು. "ನೋಡ್ರಿ, ಎಷ್ಟ ಗಂಭೀರ ಆಗ್ಯಾಳ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅದು ಗಾಂಭೀರ್ಯವಲ್ಲ, ಅಂಜಿಕೆ. ಹಳೆಯ ಬೆಂಚಿನಲ್ಲಿ ಟೀಚರ್ ಪ್ರಶ್ನೆ ಕೇಳಿದರೆ ಗೆಳತಿ ಪಕ್ಕೆಗೆ ತಿವಿದು "ಏಳ ಬೇ, ನಿನಗ ಬರತೈತಿ" ಅನ್ನುತ್ತಿದ್ದಳು. ನಾನು ಎದ್ದು ತಪ್ಪು ಹೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು, ಆಮೇಲೆ ಅದೇ ಲೆಕ್ಕ ತಲೆಗೆ ಹತ್ತುತ್ತಿತ್ತು. ಇಲ್ಲಿ ತಿವಿಯುವವರಿಲ್ಲದೆ ಬಾಯಿ ಬಿಡುವುದನ್ನೇ ಮರೆತೆ. ಒಮ್ಮೆ ಊಟದ ಹೊತ್ತಿನಲ್ಲಿ ಗೆಳತಿ ರೊಟ್ಟಿ, ಶೇಂಗಾ ಚಟ್ನಿಪುಡಿ ಹಿಡಿದು ನನ್ನ ಬಳಿಗೆ ಬಂದಳು. ಅವ್ವನಿಗೆ ವಿಧೇಯಳಾದ ನಾನು ಮುಖ ತಿರುಗಿಸಿದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನ್ನ ಗಣಿತ ಇನ್ನಷ್ಟು ಕೆಳಗಿಳಿಯಿತು. ಸಹವಾಸ ಉತ್ತಮವಾಗಿದ್ದರಿಂದ ಈ ಸಲ ತಪ್ಪು ಕಣ್ಣಿನದೆಂದು ತೀರ್ಮಾನವಾಯಿತು. ಅವ್ವ ಬಸ್ಸು ಹತ್ತಿಸಿ ವಿಜಯಪುರಕ್ಕೆ ಕರೆದೊಯ್ದು, ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ಕನ್ನಡಕ ಹಾಕಿಸಿದಳು. ಅದನ್ನು ಹಾಕಿಕೊಂಡರೆ ಬೋರ್ಡು ಮಸುಕಾಗುತ್ತಿತ್ತು.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ಆ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಡುತ್ತಾರೆ, ಅದಕ್ಕೆ ಬಂಗಾರವೆಂದೇ ಹೆಸರು. ಸಿಟ್ಟಿದ್ದವರು ತಂದರೂ ಒಲ್ಲೆ ಎನ್ನುವಂತಿಲ್ಲ. "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅನ್ನಲೇಬೇಕು. ಗೆಳತಿ ತನ್ನ ಅವ್ವನೊಡನೆ ನಮ್ಮ ಮನೆಗೆ ಬಂದಾಗ ನನಗೆ ಜೀವ ಬಂದಂತಾಯಿತು. ಇವತ್ತು ಎಲ್ಲ ಸರಿಹೋಗುತ್ತದೆ, ಅವ್ವನೂ ಅಡ್ಡ ಬರಲಾರಳು ಅಂದುಕೊಂಡೆ. ಅವ್ವ ಬನ್ನಿ ತೆಗೆದುಕೊಂಡು, ಹೋಳಿಗೆ ಕೊಟ್ಟು, ದೊಡ್ಡ ಮನಸ್ಸು ಮಾಡಿ ಗೆಳತಿಯ ಅಂಕಗಳನ್ನು ವಿಚಾರಿಸಿದಳು.

"ಈ ಸಲ ಭಾಳ ಚಲೋ ಬಂದಾವ್ರಿ ಅಕ್ಕಾರ" ಎಂದಳು ಗೆಳತಿಯ ಅವ್ವ. "ನೀವು ಬ್ಯಾರೆ ಕುಂಡ್ರಿಸಿದ್ದು ಉಪಕಾರ ಆತ್ರಿ. ಮದಲ ಇಬ್ಬರದೂ ಬರೇ ನಗೂದ ಆಗಿತ್ತು."

ಅವ್ವನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ತನ್ನ ಸಿದ್ಧಾಂತ ಇಷ್ಟೊಂದು ನಿಜವಾಗುವುದು ಅವಳಿಗೆ ಬೇಕಿರಲಿಲ್ಲ. "ಇನ್ನೊಂದು ಹೋಳಿಗಿ ಹಾಕ್ಕೊಳ್ರಿ" ಎಂದಷ್ಟೇ ಅಂದಳು.

ನಾನು ಗೆಳತಿಯನ್ನು ಹೊರಗೆ ಕಟ್ಟೆಗೆ ಕರೆದೊಯ್ದು ಬನ್ನಿ ಕೊಟ್ಟೆ. ಅವಳೂ ಕೊಟ್ಟಳು.

"ಸೂಟಿ ಮುಗದ ಮ್ಯಾಲ ನಿನ್ನ ಬಾಜೂಕ ಬರತೇನಿ" ಎಂದೆ. "ಟೀಚರಿಗೆ ನಾನ ಹೇಳತೇನಿ."

ಅವಳು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಬ್ಯಾಡ ಬೇ. ನಿನ್ನ ಕೂಡ ಕುಂಡ್ರಬ್ಯಾಡ ಅಂತ ನಮ್ಮವ್ವ ಹೇಳ್ಯಾಳ."