ನಾಲೆಯ ದಂಡೆಯ ಮೇಲೆ ನಡೆದದ್ದು

ಮೊನ್ನೆ ನಿಮ್ಮಮ್ಮನ ಹಳೆಯ ಈಜಿನ ವಿಡಿಯೊ ನೋಡುವಾಗ ನೀವಿಬ್ಬರೂ ನನ್ನನ್ನು ನೋಡಿ ನಕ್ಕಿರಿ. ‘ಅಜ್ಜಿ, ಅಮ್ಮ ಈಜೋಕೆ ಶುರು ಮಾಡಿದ ಕೂಡ್ಲೇ ನೀನ್ಯಾಕೆ ಎದ್ದು ಓಡಾಡ್ತೀಯ?’ ಎಂದು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ಇಬ್ಬರು ಕೂತರೆ ಮೊಮ್ಮಕ್ಕಳಾದರೂ ಸರಿಯೇ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮಮ್ಮ ಈಜು ಕಲಿತದ್ದು ಹಿರಿಯೂರಿನ ಕಡೆಯ ನಮ್ಮ ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನಿಮ್ಮ ತಾತನೇ ನೀರಿಗಿಳಿಸಿದರು. ಆ ಬಾವಿಗೆ ಮಕ್ಕಳದೇ ಒಂದು ಕಟ್ಟಳೆ ಇತ್ತು. ಮೇಲಿನಿಂದ ಒಬ್ಬರ ಹಿಂದೊಬ್ಬರು ಧುಮುಕುವಾಗ ತಲೆಯ ಮೇಲೆ ಬೀಳಬಾರದೆಂದು ನೀರಿನಲ್ಲಿದ್ದವರೆಲ್ಲ ಎಡಕ್ಕೇ ಸುತ್ತು ಹಾಕಬೇಕು. ಗಂಡುಹುಡುಗರು ಸುಸ್ತಾಗಿ ಮೆಟ್ಟಿಲು ಹಿಡಿದ ಮೇಲೂ ಇವಳು ಸುತ್ತುತ್ತಲೇ ಇರುತ್ತಿದ್ದಳು.

ಹೈಸ್ಕೂಲಿಗೆ ಬಂದಾಗ ಶಾಲೆಯವರು ಅವಳನ್ನು ದುರ್ಗದ ಈಜುಕೊಳಕ್ಕೆ ಕಳಿಸಿದರು. ನಾವೂ ಹೋಗಿದ್ದೆವು. ಅಲ್ಲಿ ಹಗ್ಗ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಿದ್ದರು. ನೀರಿಗೆ ಬಿದ್ದವಳೇ ಎಡಕ್ಕೆ ಎಳೆದುಕೊಂಡು ಹೋಗಿ ಹಗ್ಗಕ್ಕೆ ಗುದ್ದಿದಳು. ಬಿಡಿಸಿಕೊಂಡು ಹೊರಟರೆ ಮತ್ತೆ ಎಡಕ್ಕೆ. ಈಜು ಕಲಿಸುವ ಮೇಷ್ಟ್ರು ತಾತನನ್ನು ಕರೆದರು.

“ನೋಡ್ರಿ, ಹುಡುಗಿ ಕೈಯಾಗೆ ಬಲ ಐತೆ. ಆದ್ರೆ ಇದು ಬಾವಿ ಅಲ್ಲ. ಮುಂದಿನ ತಿಂಗ್ಳು ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ಐತೆ. ನೆಟ್ಟಗೆ ಹೋಗಿ ನೆಟ್ಟಗೆ ಬಂದ್ರೆ ಸೀಟು ಇವಳದೇ. ಹಿಂಗೇ ಹಗ್ಗಕ್ಕೆ ಗುದ್ಕಂಡು ಕುಂತ್ರೆ ನಾನೇನೂ ಮಾಡಾಕಾಗಲ್ಲ.”

ಹಾಸ್ಟೆಲ್ ಸಿಕ್ಕರೆ ದಿನಾ ಕೊಳ, ದಿನಾ ಅಭ್ಯಾಸ. ಇಲ್ಲವಾದರೆ ಮತ್ತೆ ನಮ್ಮ ಬಾವಿಯೇ. ಬಸ್ಸು ಹಿರಿಯೂರು ಮುಟ್ಟುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮನೆಗೆ ಬಂದ ಮೇಲೆ ತಾತ ಹೇಳಿದರು: “ಇವಳಿಗೆ ಸುತ್ತಾಕೆ ಜಾಗ ಇರಬಾರದು ಕಣೇ. ನಮ್ಮ ಹೊಲದ ಪಕ್ಕದ ನಾಲೆ ನೆಟ್ಟಗೈತಲ್ಲ. ನೀರು ಎದೆಮಟ್ಟ ಇರೋ ಕಡೆ ನಾನು ತೋರಿಸ್ತೀನಿ. ನೀನು ದಂಡೆ ಮೇಲೆ ನಡಿ. ನಿನ್ನ ನೋಡ್ಕಂಡು ಜೊತೆಜೊತೇಲೇ ಈಜಲಿ.”

“ನಾನಾ? ದಾರೀಲಿ ಹೋಗೋರು ಏನಂತಾರೆ?”

“ಕೈಯಾಗೆ ಒಂದು ಚೆಂಬು ಹಿಡ್ಕ. ಯಾರೂ ತಿರುಗಿ ನೋಡಲ್ಲ.”

ಅವಳು ಬಿದ್ದು ಬಿದ್ದು ನಕ್ಕಳು. ನಾನು ಚೆಂಬು ಹಿಡಿಯಲಿಲ್ಲ, ಹುಲ್ಲಿಗೆ ಹೊರಟವಳಂತೆ ಕುಡುಗೋಲು ಹಿಡಿದೆ.

ದಿನಾ ಬೆಳಿಗ್ಗೆ ನಾವು ನಾಲೆಗೆ ಹೋದೆವು. ಉಸಿರಿಗೆಂದು ಅವಳು ಮುಖ ಹೊರಳಿಸುತ್ತಿದ್ದುದು ಬಲಕ್ಕೆ. ಬಲದ ದಂಡೆಯ ಮೇಲೆ ನಾನು, ನನ್ನ ಅರಿಶಿನ ಬಣ್ಣದ ಸೀರೆ. ಎಡಕ್ಕೆ ಎಳೆದಾಗಲೆಲ್ಲ ನಾನು ದೂರವಾದದ್ದು ಕಂಡು ಸರಿಮಾಡಿಕೊಳ್ಳುತ್ತಿದ್ದಳು. ಹರಿವಿನ ಜೊತೆಗೆ ತೂಬಿನವರೆಗೆ ಈಜುವುದು, ದಡ ಹತ್ತಿ ಇಬ್ಬರೂ ವಾಪಸು ನಡೆದು ಬರುವುದು, ಮತ್ತೆ ಇಳಿಯುವುದು. ಹಾಗೆ ನಡೆದು ಬರುವಾಗ ತಲೆಯಿಂದ ನೀರು ಸುರಿಸಿಕೊಂಡೇ ಅವಳು ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನನಗೆ ಅವಳ ಈಜಿಗಿಂತ ಆ ವಾಪಸು ದಾರಿಯೇ ಹೆಚ್ಚು ಇಷ್ಟ.

ಆಯ್ಕೆಯ ದಿನ ದುರ್ಗಕ್ಕೆ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ಹುಡುಗಿಯರು ಬಂದಿದ್ದರು. ಅಪ್ಪ ಅಮ್ಮಂದಿರನ್ನೆಲ್ಲ ಕೊಳದ ಬಲಗಡೆಯ ಮೆಟ್ಟಿಲುಗಳ ಮೇಲೆ ಕೂರಿಸಿದರು.

“ಅವ್ವ, ನಡೀತೀಯಲ್ಲ?” ಎಂದಳು.

“ಇಷ್ಟು ಜನದ ಮುಂದೆನಾ?” ಎಂದೆ. ಅವಳು ಹೋಗಿ ತನ್ನ ಸಾಲಿನಲ್ಲಿ ನಿಂತಳು.

ಸೀಟಿ ಊದಿದರು, ಎಲ್ಲರೂ ಹಾರಿದರು. ಇವಳು ಹಾರಿದವಳೇ ಎಡಕ್ಕೆ ವಾಲಿದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಕೂತವರ ಕಾಲು, ಚೀಲ, ಬುತ್ತಿ ಡಬ್ಬಿ ದಾಟಿಕೊಂಡು ನಡೆಯತೊಡಗಿದೆ.

“ಏನಮ್ಮ, ಕುಂತ್ಕಳ್ರಿ, ನಮಗೂ ಕಾಣ್ಲಿ!” ಎಂದರು ಹಿಂದಿನವರು.

“ಓಟದ ಸ್ಪರ್ಧೆ ಮೈದಾನದಾಗೈತೆ ಕಣಮ್ಮ, ಇಲ್ಲಲ್ಲ!” ಎಂದ ಒಬ್ಬಾತ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೆ ನೀರಿನಲ್ಲಿ ಅವಳ ಮುಖ ನನ್ನ ಕಡೆ ಹೊರಳಿತು, ಮೈ ನೆಟ್ಟಗಾಯಿತು. ಗೋಡೆ ಮುಟ್ಟಿ ತಿರುಗಿದಳು.

ಆಗ ನನಗೆ ಹೊಳೆಯಿತು. ನಾಲೆಯಲ್ಲಿ ಅವಳು ಒಂದು ಸಲವೂ ವಾಪಸು ಈಜಿರಲಿಲ್ಲ. ವಾಪಸು ನಾವು ನಡೆದೇ ಬರುತ್ತಿದ್ದೆವಲ್ಲ. ಈಗ ತಿರುಗಿ ಬರುವಾಗ ಅವಳ ಬಲಕ್ಕಿರುವುದು ಆಚೆ ಗೋಡೆ, ನಾನಲ್ಲ. ಇಷ್ಟು ದಿನ ನಮ್ಮ ಮೂವರಲ್ಲಿ ಒಬ್ಬರಿಗೂ ಇದು ತೋಚಿರಲಿಲ್ಲ. ಆ ಕಡೆಗೆ ಓಡೋಣವೆಂದರೆ ಕೊಳ ಸುತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಿಂತುಬಿಟ್ಟೆ.

“ನಿಲ್ಲಬ್ಯಾಡ ಕಣೇ, ನಡಿ!” ಎಂದು ತಾತ ಕೂಗಿದರು.

ಅವಳು ನೋಡುವುದಿಲ್ಲವೆಂದು ಗೊತ್ತಿದ್ದೂ ನಡೆದೆ. ಅದೇ ಕಾಲು, ಅದೇ ಡಬ್ಬಿಗಳನ್ನು ದಾಟಿಕೊಂಡು. ಮೊದಲು ಗೇಲಿ ಮಾಡಿದ್ದವನು ಈ ಸಲ ಕಾಲು ಮಡಚಿಕೊಂಡು ದಾರಿ ಬಿಟ್ಟ. “ಬೇಗ ಹೋಗಮ್ಮ, ನಿನ್ನ ಬಿಟ್ಟು ಮುಂದೆ ಹೋಗ್ತಾ ಅವ್ಳೆ!” ಎಂದ. ನಿಜವಾಗಿಯೂ ನಾನು ಹಿಂದೆ ಬಿದ್ದಿದ್ದೆ. ಹಗ್ಗ ಅಲುಗಲಿಲ್ಲ. ಅವಳೇ ಮೊದಲು ಗೋಡೆ ಮುಟ್ಟಿದಳು.

ಟವೆಲ್ ಹೊದಿಸುವಾಗ ಕೇಳಿದೆ: “ಬರೋವಾಗ ನಾನು ಕಾಣ್ತಿರಲಿಲ್ಲ. ಹೆಂಗೆ ನೆಟ್ಟಗೆ ಬಂದೆ?”

“ನೀನು ನಡೀತಾ ಇರ್ತೀಯ ಅಂತ ಗೊತ್ತಿತ್ತಲ್ಲವ್ವ” ಎಂದಳು. ನಾನು ನಡುವೆ ನಿಂತುಬಿಟ್ಟಿದ್ದ ವಿಷಯದ ಬಗ್ಗೆ ತಾತ ಬಾಯಿ ಬಿಡಲಿಲ್ಲ.

ಹಾಸ್ಟೆಲ್ಲಿಗೆ ಸೇರಿದವಳು ರಾಜ್ಯಕ್ಕೆ ಗೆದ್ದಳು, ದೇಶಕ್ಕೂ ಗೆದ್ದಳು. ಆ ಪದಕಗಳನ್ನು ನೀವು ಕೊರಳಿಗೆ ಹಾಕಿಕೊಂಡು ಆಡಿದ್ದೀರಿ. ಅಷ್ಟು ದೂರದ ಊರುಗಳಿಗೆ ನನಗೆ ಹೋಗಲಾಗುತ್ತಿರಲಿಲ್ಲ. ಈಜು ಎಷ್ಟು ಹೊತ್ತಿಗೆಂದು ಫೋನ್ ಮಾಡಿ ಹೇಳುತ್ತಿದ್ದಳು. ಆ ಹೊತ್ತಿಗೆ ನಾನು ಅಂಗಳದಲ್ಲಿ ನಡೆಯುತ್ತಿದ್ದೆ. ಬಂದವರಿಗೆ ತಾತ, “ಸ್ವಲ್ಪ ತಡೀರಿ, ನಮ್ಮನೇಲಿ ಈಜು ನಡೀತೈತೆ” ಎನ್ನುತ್ತಿದ್ದರು.

ತಾತ ತೀರಿಕೊಂಡ ವರ್ಷವೇ ಅವಳ ಕೊನೆಯ ಪಂದ್ಯ. ನೀವಿನ್ನೂ ಹುಟ್ಟಿರಲಿಲ್ಲ. ನಾನು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದೆ. ಅವತ್ತು ಫೋನ್ ಬಂತು. “ಅವ್ವ, ಸಂಜೆ ನಾಲ್ಕಕ್ಕೆ. ನಡೀತೀಯಲ್ಲ?”

ಎದ್ದೆ. ಅಂಗಳ ಸಾಲದೆನಿಸಿ, ಮೊಬೈಲ್ ಕೈಯಲ್ಲಿ ಹಿಡಿದು ನಾಲೆಯವರೆಗೆ ಹೋಗಿ ದಂಡೆಯ ಮೇಲೆ ತೂಬಿನವರೆಗೂ ನಡೆದೆ. ಅವಳು ಮೂರನೆಯವಳಾಗಿ ಬಂದಳು. ಆ ಸುದ್ದಿ ಹೇಳಲು ಫೋನ್ ಮಾಡಿದವಳ ಜೊತೆ ಮನೆ ಮುಟ್ಟುವವರೆಗೂ ಮಾತಾಡಿಕೊಂಡು, ಆ ವಾಪಸು ದಾರಿಯಲ್ಲಿ ಬಂದೆ.