ಗಾಯಕನ ತಿಥಿ

ಕಾಲೇಜಿನಲ್ಲಿ ನಮಗೆ ಹುಚ್ಚು ಹಿಡಿಸಿದ್ದ ವಿದೇಶದ ರಾಕ್ ಗಾಯಕ ಸತ್ತು ಎಷ್ಟೋ ವರ್ಷವಾಯಿತು. ಈಗಲೂ ಆ ತಾರೀಖಿಗೆ ನರಸಿಂಹರಾಜಪುರದಿಂದ ಒಬ್ಬ, ಶೃಂಗೇರಿಯಿಂದ ಒಬ್ಬ ಗೆಳೆಯ ಕೊಪ್ಪದ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬರುತ್ತಾರೆ. ಬಾಗಿಲು ಅರ್ಧ ಎಳೆದು ಅವನ ಹಾಡು ಹಾಕುತ್ತೇವೆ.

ಈ ಸಲ ಶೃಂಗೇರಿಯವನು ತಕರಾರು ತೆಗೆದ. ಅವನು ಪುರೋಹಿತ. "ತಾರೀಖು ಯಾರಿಗೆ ಬೇಕು ಮಾರಾಯ, ತಿಥಿ ನೋಡ್ಬೇಕು. ಜೀವ ಹೋದ ಹೊತ್ತು ಎಷ್ಟು?" ಎಂದ.

ಇದೆಂಥ ಅಧಿಕಪ್ರಸಂಗ ಎಂದು ನನಗೆ ರೇಗಿತು. ಆದರೂ ಕುತೂಹಲ ತಡೆಯಲಾಗಲಿಲ್ಲ. ಹಳೆಯ ಸುದ್ದಿಗಳನ್ನು ಫೋನಿನಲ್ಲಿ ಹುಡುಕಿ ಹೊತ್ತು ಹೇಳಿದೆ. ಅಲ್ಲಿ ಸಂಜೆ, ಇಲ್ಲಿ ಮರುದಿನದ ಬೆಳಗಿನ ಜಾವ. ಅವನು ತನ್ನ ಫೋನಿನಲ್ಲಿ ಆ ವರ್ಷದ ಪಂಚಾಂಗ ತೆಗೆದು, "ಬಹುಳ ದಶಮಿ. ಇಷ್ಟು ವರ್ಷ ತಪ್ಪು ದಿನ ಮಾಡಿದ್ದೇವೆ" ಎಂದು ನಕ್ಕ.

"ಹಾಗಾದ್ರೆ ಬರೋ ದಶಮಿಗೆ ಸೇರುವ. ಒಂದು ಎಡೆಯನ್ನೂ ಇಡುವ" ಎಂದೆ, ತಮಾಷೆಗೆ.

ಅವನು ತಮಾಷೆ ಮಾಡಲಿಲ್ಲ. "ಅವನಿಗೆ ತಿನ್ನೋಕೆ ಎಂತ ಇಷ್ಟ ಇತ್ತು?" ಎಂದು ಕೇಳಿದ.

ಅವನ ಹಾಡುಗಳೆಲ್ಲ ನಮಗೆ ಬಾಯಿಪಾಠ. ಯಾವ ಹಾಡಿನಲ್ಲಿ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಎಂಬುದೂ ಗೊತ್ತು. ಅಜ್ಜನ ತಿಥಿಗೆ ನಮ್ಮನೆಯಲ್ಲಿ ಯಾರೂ ಕೇಳಬೇಕಾಗಿಯೇ ಬರದ ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮತ್ತೆ ಫೋನ್ ಕೈಗೆತ್ತಿಕೊಂಡೆ.